ರಾಗಿ ತೆನೆ ಓಲೆಯ ತೂಕ: ಮೈಸೂರಿನ ಬೆಳ್ಳಿ ಕೆಲಸಗಾರ್ತಿಯೊಬ್ಬರ ಪ್ರಕರಣ

2022ರ ಚಳಿಗಾಲದ ಒಂದು ಮಧ್ಯಾಹ್ನ ಮೈಸೂರಿನ ಅಶೋಕ ರಸ್ತೆಯ ಅಂಗಡಿಯೊಂದರಲ್ಲಿ ಒಂದು ಜೊತೆ ಬೆಳ್ಳಿ ಜುಮುಕಿ ತಕ್ಕಡಿ ಏರಿತು. ಒಂಬತ್ತು ಗ್ರಾಂ. ಅಂದಿನ ದರ ಗ್ರಾಮಿಗೆ 65 ರೂಪಾಯಿ ಆಸುಪಾಸು, ಮಜೂರಿ ಗ್ರಾಮಿಗೆ 25. ಅಂಗಡಿಯವರು ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದರು: 810 ರೂಪಾಯಿ. ಬೆಳ್ಳಿ ಕೊಂಡ ದುಡ್ಡು ಕಳೆದರೆ ಮಾಡಿದವರ ಕೈಗೆ ಉಳಿದದ್ದು 225. ಆ ಜುಮುಕಿಗಳ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಗುಂಡುಗಳು ಮುನ್ನೂರಕ್ಕೂ ಹೆಚ್ಚಿದ್ದವು. ಅಕ್ಕಸಾಲಿಗಳ ಬಾಯಲ್ಲಿ ಅದು ರವೆ ಕೆಲಸ. ಒಂದೊಂದನ್ನೂ ಒದ್ದೆ ಕುಂಚದ ತುದಿಯಲ್ಲಿ ಎತ್ತಿ ಕೂರಿಸಲು ಹದಿನಾಲ್ಕು ಗಂಟೆ ಹಿಡಿದಿತ್ತು. ಗಂಟೆಗೆ ಹದಿನಾರು ರೂಪಾಯಿ ಬಿತ್ತು.

ಅಂಗಡಿಯವರು ಮೋಸ ಮಾಡಲಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಎಲ್ಲರಿಗೂ ಕೊಡುವ ದರವನ್ನೇ ಜುಮುಕಿ ಮಾಡಿದ ಈಕೆಗೂ ಕೊಟ್ಟಿದ್ದರು.

ಈ ಹೆಣ್ಣುಮಗಳ ಲೆಕ್ಕಪುಸ್ತಕ ಬರೆಯಲು ನಾನು ಕೂತದ್ದು ಅದಾದ ಎರಡು ತಿಂಗಳಿಗೆ. ಸಣ್ಣ ಕಸುಬಿನವರಿಗೆ ಬ್ಯಾಂಕ್ ಕಾಗದ, ಜಮಾಖರ್ಚು ನೋಡಿಕೊಡುವುದು ನನ್ನ ಕೆಲಸ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಊರು, ಬಂಧುತ್ವ, ಕೆಲವು ಮೊತ್ತಗಳನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ. ಮುಂದೆ ಅವರನ್ನು 'ಅಕ್ಕ' ಎಂದೇ ಕರೆಯುತ್ತೇನೆ. ನಾನು ಕರೆಯುವುದೂ ಹಾಗೆಯೇ.

ಕುಲುಮೆ ಇದ್ದ ಮನೆ

ಅಕ್ಕನ ತವರು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ತಂದೆ ಅಕ್ಕಸಾಲಿ. ಮನೆಯ ಮುಂಗೋಣೆಯಲ್ಲೇ ಅಡಿಗಲ್ಲು, ಕುಲುಮೆ, ಊದುಗೊಳವೆ. ತಾಳಿ, ಗುಂಡು, ಕಾಲುಂಗುರ, ಮಕ್ಕಳ ಉಡಿದಾರ, ಸುಗ್ಗಿ ಮುಗಿದ ಮೇಲೆ ಒಂದಷ್ಟು ಓಲೆ. ಹೆಣ್ಣುಮಕ್ಕಳು ಅಡಿಗಲ್ಲಿನ ಮುಂದೆ ಕೂರುವ ವಾಡಿಕೆ ಇರಲಿಲ್ಲ. ಆದರೆ ಗಂಡು ಮಕ್ಕಳಿಲ್ಲದ ಮನೆಯಲ್ಲಿ ತಂತಿ ಎಳೆಯುವುದಕ್ಕೆ, ಬಿಳಿಗಾರ ತೇಯುವುದಕ್ಕೆ, ಅಂಟುವಾಳದ ನೊರೆಯಲ್ಲಿ ಒಡವೆ ಉಜ್ಜುವುದಕ್ಕೆ ಈಕೆಯೇ ಕೈಯಾಳು. ರವೆ ಮಾಡುವುದನ್ನು ಕಲಿತದ್ದು ಹನ್ನೆರಡನೆಯ ವಯಸ್ಸಿಗೆ. ಕಲಿಸಿದರು ಅನ್ನುವುದಕ್ಕಿಂತ, ತಂದೆಗೆ ಕಣ್ಣು ಮಂಜಾದಾಗ ಆ ಕೆಲಸ ಈಕೆಯ ಪಾಲಿಗೆ ಬಂತು.

ಆ ಮನೆಯ ಕಸುಬು ಇಳಿಮುಖವಾದದ್ದಕ್ಕೆ ಒಂದೇ ಕಾರಣ ಹೇಳಲಾಗದು. ಯಂತ್ರದಲ್ಲಿ ಹೆಣೆದ ಸರಗಳು ಬಂದವು, ಎರಕದ ಓಲೆಗಳು ಬಂದವು. ಆಮೇಲೆ 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾಯಿತು. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನವರಿಗೆ ವಿನಾಯಿತಿ ಇತ್ತು, ನಿಜ. ಆದರೆ ಮದುವೆ ಮನೆಯವರಿಗೆ ವಿನಾಯಿತಿಯ ಮಾತು ಬೇಡ, ಒಡವೆಯ ಮೇಲೆ ಆರು ಅಕ್ಷರದ ಹಾಲ್‌ಮಾರ್ಕ್ ಸಂಖ್ಯೆ ಬೇಕು. ಅಲ್ಲಿಗೆ ತಂದೆಯ ಕೈಗೆ ಚಿನ್ನ ಬರುವುದು ನಿಂತಿತು. ಉಳಿದದ್ದು ಬೆಳ್ಳಿ, ಮತ್ತೆ ರಿಪೇರಿ.

ಮದುವೆಯಾಗಿ ಮೈಸೂರಿಗೆ ಬಂದಿದ್ದ ಅಕ್ಕ ತವರಿನ ಹತಾರಗಳನ್ನು ತಂದು ಬಾಡಿಗೆ ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ಹೂಡಿದರು. ಅಂದೇ ಒಂದು ನಿರ್ಧಾರ ಮಾಡಿದ್ದರು: ಕೆಡಿಎಂ ಬೆಸುಗೆ ಮುಟ್ಟುವುದಿಲ್ಲ. ಕೆಡಿಎಂ ಅಂದರೆ ಕ್ಯಾಡ್ಮಿಯಂ ಬೆರೆತ ಬೆಸುಗೆ. ಬೇಗ ಹರಿಯುತ್ತದೆ, ಸಲೀಸು. ಆದರೆ ಕಾಯಿಸಿದಾಗ ಏಳುವ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಕೆಡುಕು. ಜಾಹೀರಾತುಗಳಲ್ಲಿ ಆ ಮೂರಕ್ಷರವನ್ನು ಶುದ್ಧತೆಯ ಬಿರುದಿನಂತೆ ಬರೆಯುತ್ತಿದ್ದ ಕಾಲ ನೆನೆದರೆ ನನಗೆ ಇಂದಿಗೂ ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ತಕ್ಕಡಿಯ ಲೆಕ್ಕ

ಪುಸ್ತಕ ಬಿಡಿಸಿ ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಜುಮುಕಿಯ ಸಾಲಲ್ಲ, ಅದರ ಕೆಳಗಿನ ಸಾಲು. 60 ಗ್ರಾಮಿನ ಸಾದಾ ಕಡಗ. ದಪ್ಪ ಕಂಬಿ ಬಾಗಿಸಿ, ತುದಿ ತಟ್ಟಿ, ಉಜ್ಜಿದ್ದಷ್ಟೇ. ಎರಡು ಗಂಟೆ ಕೆಲಸ, ಮಜೂರಿ 1,500. ಹದಿನಾಲ್ಕು ಗಂಟೆಗೆ 225, ಎರಡು ಗಂಟೆಗೆ 1,500. ತೂಕಕ್ಕೆ ಮಜೂರಿ ಕಟ್ಟುವ ಪದ್ಧತಿಯಲ್ಲಿ ಕುಸುರಿ ಹೆಚ್ಚಿದಷ್ಟೂ ನಷ್ಟ, ಹಗುರವಾಗಿಸಿದಷ್ಟೂ ನಷ್ಟ. ಕೈ ಪಳಗಿದವರು ಬಡವರಾಗುತ್ತಾ ಹೋಗುತ್ತಾರೆ.

ಆದರೆ ಕೊಳ್ಳುವವರ ಕಡೆಯಿಂದ ನೋಡಿದರೆ ಆ ಪದ್ಧತಿಗೂ ನ್ಯಾಯವಿದೆ. ನಮ್ಮ ಕಡೆ ಒಡವೆಯೆಂದರೆ ಅರ್ಧ ಅಲಂಕಾರ, ಅರ್ಧ ಆಪದ್ಧನ. ಮಗನ ಕಾಲೇಜು ಫೀಸಿಗೆ, ಬೋರ್‌ವೆಲ್ ಕೊರೆಸುವುದಕ್ಕೆ ಅಡ ಇಡಲು ಬಾರದ ಒಡವೆ ಒಡವೆಯೇ ಅಲ್ಲ. ಅಡ ಇಡುವಾಗ ರವೆಯ ಚೆಂದ ಯಾರೂ ಕೇಳುವುದಿಲ್ಲ, ಗ್ರಾಂ ಕೇಳುತ್ತಾರೆ.

ಅಕ್ಕ ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ: ಗಂಡಭೇರುಂಡದ ಪದಕ, ಲಕ್ಷ್ಮಿ, ನವಿಲು, ಮೇಲೆ ಚಿನ್ನದ ನೀರು. ಆರು ತಿಂಗಳಲ್ಲಿ ಅದು ಮುಗಿಯಿತು. ಅರಮನೆಯ ಸುತ್ತಮುತ್ತ ಸಿಗುವ ಎರಕದ ಮಾಲಿನ ಬೆಲೆಗೆ ಕೈಕೆಲಸ ನಿಲ್ಲಲು ಸಾಧ್ಯವೇ ಇರಲಿಲ್ಲ. ಹೆಚ್ಚು ಹೇಳುವಂಥದ್ದೇನೂ ಅದರಲ್ಲಿಲ್ಲ.

ಬೀಟೆಮರದ ಕಡಗ

ಎರಡನೆಯ ಪ್ರಯತ್ನದಲ್ಲಿ ಹೇಳುವಂಥದ್ದು ಬಹಳವಿದೆ.

ಗಂಡನ ದೊಡ್ಡಪ್ಪನೊಬ್ಬರು ಮಂಡಿ ಮೊಹಲ್ಲಾದಲ್ಲಿ ಮರದ ಕುಸುರಿ ಕೆಲಸಕ್ಕೆ ಹೋಗುತ್ತಿದ್ದರು. ಮೈಸೂರಿನ ಬೀಟೆಮರದ ಕುಸುರಿ ಗೊತ್ತಲ್ಲ, ಭೌಗೋಳಿಕ ಸೂಚಿ ಪಡೆದ ಕಲೆ: ಬೀಟೆಯ ಹಲಗೆಯಲ್ಲಿ ಚಿತ್ರದಂತೆ ಗುಳಿ ತೆಗೆದು, ಬೇರೆ ಬಣ್ಣದ ಮರಗಳನ್ನು ಸಣ್ಣ ಗರಗಸದಲ್ಲಿ ಕತ್ತರಿಸಿ ಕೂರಿಸುವುದು. ಹಿಂದೆ ಬಿಳುಪಿಗೆ ಆನೆಯ ದಂತ ಹಾಕುತ್ತಿದ್ದರು, ಈಗ ಮರ ಅಥವಾ ಪ್ಲಾಸ್ಟಿಕ್. ಕಾರ್ಖಾನೆಯಲ್ಲಿ ಉಳಿದ ಬೀಟೆ ತುಂಡುಗಳನ್ನು ರಸೀದಿ ಸಮೇತ ತಂದು ಅಕ್ಕ ಕಡಗ ಮಾಡಿದರು. ಹಲಗೆಯಿಂದ ಕೊರೆದ ಮರದ ಬಳೆ, ಒಳಗೊಂದು ಹೊರಗೊಂದು ಬೆಳ್ಳಿಯ ಪಟ್ಟಿ. ಕಪ್ಪು ನೇರಳೆ ಮರಕ್ಕೆ ಬೆಳ್ಳಿಯ ಅಂಚು. ನೋಡಿದ ಕೂಡಲೇ ಕೈಗೆ ಹಾಕಿಕೊಳ್ಳಬೇಕು ಅನಿಸುವಂಥದ್ದು.

ಮರದ ಹತ್ತಿರ ಬೆಂಕಿ ತರುವಂತಿಲ್ಲ. ಹಾಗಾಗಿ ಬೆಳ್ಳಿಯ ಬೆಸುಗೆಯೆಲ್ಲ ಮೊದಲು ಮುಗಿಸಿ, ಕೊನೆಗೆ ಎಪಾಕ್ಸಿ ಅಂಟಿನಲ್ಲಿ ಮರ ಕೂರಿಸುತ್ತಿದ್ದರು. 2023ರ ದಸರಾ ಹೊತ್ತಿಗೆ ಪರಿಚಯದವರ ಮಳಿಗೆಯಲ್ಲಿ ಅರ್ಧ ಮೇಜು ಸಿಕ್ಕಿತು. ತಲಾ 1,800 ರೂಪಾಯಿಯಂತೆ 26 ಕಡಗ ಹೋದವು. ಯಾರೂ ತೂಕ ಕೇಳಲಿಲ್ಲ! ಮರ ಇದೆಯಲ್ಲ, ತೂಗಿ ಏನು ಮಾಡುವುದು. ನಾವಿಬ್ಬರೂ ತಕ್ಕಡಿಯಿಂದ ಬಿಡುಗಡೆಯಾಯಿತು ಅಂದುಕೊಂಡೆವು.

ಸಂಕ್ರಾಂತಿ ಕಳೆದ ಮೇಲೆ ಮೊದಲ ಕಡಗ ವಾಪಸ್ ಬಂತು. ಯುಗಾದಿಯೊಳಗೆ ಹನ್ನೊಂದು. ಕೆಲವದರಲ್ಲಿ ಮರ ಸೀಳಿತ್ತು, ಕೆಲವದರಲ್ಲಿ ಮರಕ್ಕೂ ಬೆಳ್ಳಿಗೂ ನಡುವೆ ಉಗುರು ತೂರುವಷ್ಟು ಸಂದು. ಮಂಗಳೂರಿಗೆ ಹೋಗಿದ್ದ ಒಂದರಲ್ಲಿ ಮರ ಉಬ್ಬಿ ಹೊರಪಟ್ಟಿಯ ಬೆಸುಗೆಯನ್ನೇ ಬಿಡಿಸಿಹಾಕಿತ್ತು. ಅಂಟು ಕಳಪೆ ಅಂದುಕೊಂಡು ಅಂಟು ಬದಲಿಸಿದ್ದಾಯಿತು. ಏನೂ ಆಗಲಿಲ್ಲ.

ದೊಡ್ಡಪ್ಪ ಒಂದು ಸಂಜೆ ಬಂದು ಕಡಗವನ್ನು ತಿರುಗಿಸಿ ನೋಡಿ ಹೇಳಿದರು: "ನಾವು ಮರದೊಳಕ್ಕೆ ಮರ ಕೂರಿಸ್ತೀವಿ ಕಣವ್ವ. ಎರಡೂ ಒಟ್ಟಿಗೇ ಉಬ್ತವೆ, ಒಟ್ಟಿಗೇ ಇಳೀತವೆ. ನೀನು ಮರನ ಬೆಳ್ಳಿ ಬೇಲಿ ಒಳಗೆ ಕೂಡಾಕಿದ್ದೀಯ."

ವಿಷಯ ಇಷ್ಟೇ. ಗಾಳಿಯ ತೇವ ಹೆಚ್ಚಿದರೆ ಮರ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅದೂ ಮರದ ನಾರಿನ ಎಳೆಯ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಹೆಚ್ಚು. ಹಲಗೆಯಿಂದ ಕೊರೆದ ಬಳೆಯಲ್ಲಿ ಎಳೆ ಒಂದೇ ದಿಕ್ಕಿಗೆ ಓಡುತ್ತದೆ. ಆದ್ದರಿಂದ ಒಣಗಿದಾಗ ಬಳೆ ಒಂದು ಕಡೆಗೆ ಮಾತ್ರ ಕುಗ್ಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬೆಳ್ಳಿ ದುಂಡಗೇ ಇರುತ್ತದೆ. ಅಂಟು ಎಷ್ಟೇ ಗಟ್ಟಿಯಿದ್ದರೂ ಇಬ್ಬರಲ್ಲಿ ಒಬ್ಬರು ಸೋಲಲೇಬೇಕು. ದಸರೆಯ ಹೊತ್ತಿಗೆ ಮಳೆಗಾಲದ ತೇವ ಹೀರಿಕೊಂಡಿದ್ದ ಮರ ಶಿವರಾತ್ರಿಯ ಒಣಹವೆಗೆ ಸಿಕ್ಕಿತ್ತು.

ಈ ಪ್ರಕರಣದಲ್ಲಿ ನಾನು ಅತ್ಯಂತ ಮುಖ್ಯವೆಂದು ಭಾವಿಸುವ ನಿರ್ಧಾರ ಇಲ್ಲಿ ಬರುತ್ತದೆ. ಹನ್ನೊಂದು ಜನಕ್ಕೆ ಪೂರ್ತಿ ಹಣ ಹಿಂದಿರುಗಿಸಿದರು: 19,800 ರೂಪಾಯಿ. ಅಷ್ಟಕ್ಕೇ ನಿಲ್ಲಲಿಲ್ಲ. ನೋಟ್‌ಬುಕ್ಕಿನಲ್ಲಿ ಫೋನ್ ನಂಬರ್ ಬರೆದುಕೊಂಡಿದ್ದರಿಂದ ಮಿಕ್ಕ ಹದಿನೈದು ಜನಕ್ಕೂ ತಾವೇ ಕರೆ ಮಾಡಿದರು. "ನಿಮ್ಮದೂ ಸೀಳಬಹುದು, ವಾಪಸ್ ಕೊಡ್ತೀರಾ?" ನಾನು ಬೇಡ ಅಂದಿದ್ದೆ. ಮಲಗಿರುವವರನ್ನು ಏಕೆ ಎಬ್ಬಿಸುವುದು? ಇನ್ನೂ ನಾಲ್ಕು ಬಂದವು, ಇನ್ನೂ 7,200 ಹೋಯಿತು. ಆ ತಿಂಗಳ ಬಾಡಿಗೆಗೆ ಅಕ್ಕ ತಮ್ಮ ಕಿವಿಯ ಓಲೆಯನ್ನೇ ಅಡ ಇಟ್ಟರು. ಕಥೆಯಲ್ಲಾದರೆ ಈ ಹದಿನೈದೂ ಜನ ಮುಂದೆ ಕಾಯಂ ಗಿರಾಕಿಗಳಾಗಬೇಕಿತ್ತು. ಹಾಗಾಗಲಿಲ್ಲ. ಇಬ್ಬರು ಮಾತ್ರ ಮತ್ತೆ ಬಂದರು.

2024ರ ಮಳೆಗಾಲವಿಡೀ ಅದರ ಪರಿಹಾರದಲ್ಲೇ ಹೋಯಿತು. ಬಳೆಯನ್ನು ಎಂಟು ಸಣ್ಣ ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಎಳೆ ಬಳೆಯ ಸುತ್ತಿನ ದಿಕ್ಕಿಗೇ ಬರುವಂತೆ ಕೊರೆದು, ಅಂಟು ಬಿಟ್ಟು ಬೆಳ್ಳಿ ಮೊಳೆಯಲ್ಲಿ ಬಿಗಿದು, ತುಂಡುಗಳ ನಡುವೆ ಕಾಗದದಷ್ಟು ಜಾಗ ಬಿಟ್ಟರು. ಅದು ನಿಂತಿತು. ಆದರೆ ಒಂದಕ್ಕೆ ಮೂರು ದಿನ. ಮರ ಈಗ ಸಣ್ಣ ಪದಕಗಳಿಗೆ ಮಾತ್ರ ಉಳಿದಿದೆ.

ತೆನೆ

2024ರ ಡಿಸೆಂಬರಿನಲ್ಲಿ ಅಕ್ಕ ತವರಿಗೆ ಹೋಗಿದ್ದಾಗ ರಾಗಿ ಕೊಯ್ಲು. ಕಣದ ಪಕ್ಕದಲ್ಲಿ ಕೂತು ಅಭ್ಯಾಸಬಲದಿಂದ ಒಂದು ತೆನೆಯನ್ನು ಬೆರಳಲ್ಲಿ ತಿರುಗಿಸುತ್ತಿದ್ದಾಗ ಕಂಡದ್ದಂತೆ: ಇದು ಅಪ್ಪನ ರವೆ ಕೆಲಸ. ಒಂದು ಕಾಂಡದ ತುದಿಯಿಂದ ಐದಾರು ಬೆರಳು ಬಾಗಿ ಬಂದಿವೆ, ಬೆರಳಿನ ತುಂಬ ದುಂಡು ಕಾಳು. ಲಕ್ಷ್ಮಿಯನ್ನೂ ನವಿಲನ್ನೂ ಬೇರೆಯವರ ಅಚ್ಚಿನಿಂದ ನಕಲು ಮಾಡುತ್ತಾ ಆರು ತಿಂಗಳು ಕಳೆದವರ ಕೈಯಲ್ಲಿ ಈ ಗಿಡ ಹುಟ್ಟಿದಾಗಿನಿಂದಲೂ ಇತ್ತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಭಾರತದ ತಳಿಗೆ ಆಫ್ರಿಕದ ತಳಿ ಕೂಡಿಸಿ ಇಂಡಾಫ್ ರಾಗಿ ತಂದ ಜಿಲ್ಲೆಯವರು ನಾವು. ಆದರೂ ರಾಗಿಯನ್ನು ಒಡವೆಯಾಗಿ ನೋಡಲು ನಮಗೆ ತೋಚಿರಲಿಲ್ಲ. ಮುದ್ದೆಯ ಆಚೆಗೆ ನಮ್ಮ ಕಣ್ಣು ಹೋಗಿರಲಿಲ್ಲವೇನೋ.

ತೆನೆಯಲ್ಲೂ ಬಗೆಗಳಿವೆ. ಬಿಚ್ಚಿಕೊಂಡ ತೆನೆ, ಒಳಕ್ಕೆ ಬಾಗಿದ ತೆನೆ, ಮುಷ್ಟಿ ಹಿಡಿದಂತೆ ಮುಚ್ಚಿದ ತೆನೆ. ಒಳಬಾಗಿದ್ದು ಓಲೆಗೆ, ಮುಷ್ಟಿ ತೆನೆ ಉಂಗುರಕ್ಕೆ ಎಂದು ಗೊತ್ತುಮಾಡಿಕೊಂಡರು.

ರವೆ ಮಾಡುವ ಬಗೆ ಹೀಗೆ. ಕೂದಲಿಗಿಂತ ಹಲವು ಪಟ್ಟು ದಪ್ಪದ, 0.4 ಮಿಲಿಮೀಟರಿನ ಶುದ್ಧ ಬೆಳ್ಳಿ ತಂತಿಯನ್ನು ಸೂಜಿಗೆ ಸುತ್ತಿ ಕತ್ತರಿಸಿದರೆ ಒಂದೇ ಅಳತೆಯ ಪುಟ್ಟ ಬಳೆಗಳು. ಮೂಸೆಯಲ್ಲಿ ಇದ್ದಿಲ ಪುಡಿಯ ಪದರಗಳ ನಡುವೆ ಅವನ್ನು ಒಂದಕ್ಕೊಂದು ತಾಗದಂತೆ ಹರಡಿ ಕಾಯಿಸಬೇಕು. ಬೆಳ್ಳಿ 961.8 ಡಿಗ್ರಿಗೆ ಕರಗುತ್ತದೆ. ಕರಗಿದ ಚೂರು ತನಗೆ ತಾನೇ ಗುಂಡಾಗುತ್ತದೆ, ಕೆಸುವಿನೆಲೆಯ ಮೇಲಿನ ನೀರಿನಂತೆ. ಆರಿದ ಮೇಲೆ ತೊಳೆದು ಮೂರು ಜರಡಿಯಲ್ಲಿ ಸೋಸಿದರೆ ಮೂರು ಅಳತೆಯ ಕಾಳು.

ಕಷ್ಟ ಇರುವುದು ಅಂಟಿಸುವುದರಲ್ಲಿ. ಸಾಮಾನ್ಯ ಬೆಸುಗೆ ಹಾಕಿದರೆ ಅದು ಹರಿದು ಕಾಳುಗಳ ಸಂದನ್ನೆಲ್ಲ ತುಂಬಿ ರಾಗಿ ಹೋಗಿ ಹಿಟ್ಟಾಗುತ್ತದೆ. ತಂದೆಯ ಹಳೆಯ ಉಪಾಯ ಬೇರೆ: ತಾಮ್ರದ ಕಿಲುಬನ್ನು ಗುಲಗಂಜಿ ಬೀಜ ತೇದ ಅಂಟಿನಲ್ಲಿ ಕಲಸಿ ಅದರಲ್ಲೇ ಕಾಳು ಕೂರಿಸುವುದು. ಕಾಯಿಸಿದಾಗ ಅಂಟು ಸುಟ್ಟು ಇದ್ದಿಲಾಗಿ ಕಿಲುಬಿನಿಂದ ತಾಮ್ರವನ್ನು ಬಿಡಿಸುತ್ತದೆ. ತಾಮ್ರ ಒಂದೇ ಇದ್ದರೆ ಕರಗಲು 1,085 ಡಿಗ್ರಿ ಬೇಕು. ಆದರೆ 72 ಪಾಲು ಬೆಳ್ಳಿಗೆ 28 ಪಾಲು ತಾಮ್ರ ಕೂಡಿದರೆ 779ಕ್ಕೇ ಕರಗುತ್ತದೆ. ಹಾಗಾಗಿ ಕಾಳು ಕರಗುವ ಮೊದಲೇ ಅದು ತಾಗಿದ ಬಿಂದುವಷ್ಟೇ ಕರಗಿ ಕೂಡಿಕೊಳ್ಳುತ್ತದೆ. ಕಾಳು ಕಾಳಾಗಿಯೇ ಉಳಿಯುತ್ತದೆ. ತಂದೆಗೆ ಈ ಡಿಗ್ರಿಗಳು ಗೊತ್ತಿರಲಿಲ್ಲ. "ಬೆಳ್ಳಿ ಮೇಲೆ ಒಂದ್ ಮಿಂಚು ಓಡ್ತದೆ, ಆಗ ಬೆಂಕಿ ತೆಗಿ" ಎನ್ನುತ್ತಿದ್ದರು. (ಗುಲಗಂಜಿ ತೇಯುವವರು ನೆನಪಿಡಿ, ಬೀಜದ ತಿರುಳು ಕಡು ವಿಷ. ಅಕ್ಕನ ಮನೆಯಲ್ಲಿ ಅದಕ್ಕೆ ಬೇರೆ ಕಲ್ಲು, ಬೀಗ ಹಾಕಿದ ಡಬ್ಬಿ.)

ಆ ಮಿಂಚು ಹಿಡಿಯಲು ಮೂರು ತಿಂಗಳಾಯಿತು. ಹಾಳಾದ ತೆನೆಗಳನ್ನು ಮತ್ತೆ ಮೂಸೆಗೆ ಹಾಕುತ್ತಿದ್ದರು. ಬೆಳ್ಳಿಯ ಒಂದು ಗುಣವದು, ತಪ್ಪನ್ನು ವಾಪಸ್ ತೆಗೆದುಕೊಳ್ಳುತ್ತದೆ. ಮರ ತೆಗೆದುಕೊಳ್ಳುವುದಿಲ್ಲ.

ನಾನು ಕೊಟ್ಟ ತಪ್ಪು ಸಲಹೆ

ಬೆಲೆಯ ಮಾತು ಬಂದಾಗ ನಾನು ಹೇಳಿದ್ದು: ತೂಕ ಹೇಳಲೇಬೇಡಿ, ಒಟ್ಟು ಬೆಲೆ ಮಾತ್ರ ಹೇಳಿ. ಮರದ ಕಡಗದಲ್ಲಿ ಅದು ನಡೆದಿತ್ತಲ್ಲ. ಮೊದಲ ಸಂತೆಯಲ್ಲೇ ಅದು ಮಕಾಡೆ ಬಿತ್ತು. 2,600 ಎಂದ ಕೂಡಲೇ ಮಂಡ್ಯ ಕಡೆಯ ಒಬ್ಬ ಹೆಂಗಸು ಓಲೆಯನ್ನು ಅಂಗೈಯಲ್ಲಿ ತೂಗಿ, "ತೂಕ ಯಾಕವ್ವ ಮುಚ್ಚಿಡ್ತೀಯ?" ಎಂದರು. ಆ ಮಾತಿನಲ್ಲಿದ್ದ ಅನುಮಾನಕ್ಕೆ ಅಕ್ಕನ ಮುಖ ಸಣ್ಣದಾಯಿತು. ಬೆಳ್ಳಿ ಮುಟ್ಟುವ ಅಂಗೈಗೆ ತೂಕ ಮುಚ್ಚಿಡಲು ಬರುವುದಿಲ್ಲ ಎಂಬುದು ನನ್ನ ಪುಸ್ತಕದ ಬುದ್ಧಿಗೆ ಹೊಳೆದಿರಲಿಲ್ಲ.

ಮರುವಾರ ಅಕ್ಕ ತಾವೇ ರಸೀದಿ ಬದಲಿಸಿದರು. ಮೊದಲ ಸಾಲು: ಬೆಳ್ಳಿ 9 ಗ್ರಾಂ, ಇಂದಿನ ದರ 90, ಒಟ್ಟು 810. ಎರಡನೆಯ ಸಾಲು: ಕೈಕೆಲಸ 12 ಗಂಟೆ, ಗಂಟೆಗೆ 150, ಒಟ್ಟು 1,800. ಕೆಳಗೆ ದಪ್ಪಕ್ಷರದಲ್ಲಿ: 'ವಾಪಸ್ ತಂದರೆ ಅಂದಿನ ದರದಲ್ಲಿ ಬೆಳ್ಳಿಯ ಬೆಲೆ ಮಾತ್ರ ಸಿಗುತ್ತದೆ. ಕೈಕೆಲಸಕ್ಕೆ ಇಲ್ಲ.' ಇಷ್ಟು ಬೆತ್ತಲೆ ಲೆಕ್ಕಕ್ಕೆ ಯಾರು ಬರುತ್ತಾರೆ ಎಂದು ನಾನು ಅಳುಕಿದೆ. ಎದ್ದು ಹೋದವರು ಇದ್ದರು. ಆದರೆ ನಿಂತವರು ಚೌಕಾಸಿ ಮಾಡಿದ್ದು ಮೊದಲ ಸಾಲಿನ ಬಗ್ಗೆ, ಅದನ್ನು ಫೋನಿನಲ್ಲಿ ದರ ನೋಡಿ ಅಲ್ಲೇ ಬಗೆಹರಿಸಬಹುದಿತ್ತು. ಎರಡನೆಯ ಸಾಲಿನ ಬಗ್ಗೆ ಜನ ಕೇಳಿದ್ದು, "ಹನ್ನೆರಡು ಗಂಟೆನಾ? ಹೆಂಗೆ?" ಆಗ ಅಕ್ಕ ಜರಡಿ ತೆಗೆದು ತೋರಿಸುತ್ತಿದ್ದರು.

ಇನ್ನೊಂದು ತಕರಾರು ಬರುತ್ತಿತ್ತು: ಜೋಡಿ ಒಂದೇ ಥರ ಇಲ್ಲ. ಒಂದರಲ್ಲಿ ಐದು ಬೆರಳು, ಇನ್ನೊಂದರಲ್ಲಿ ಆರು. ಬೆಂಗಳೂರಿನಿಂದ ಬಂದ ಹುಡುಗಿಯೊಬ್ಬಳು ಇದು ಯಾವ ಹಕ್ಕಿಯ ಪಂಜ ಎಂದು ಕೇಳಿದ್ದೂ ಉಂಟು. ಅಂದಿನಿಂದ ಮೇಜಿನ ಮೇಲೆ ಒಂದು ಹಿಡಿ ನಿಜವಾದ ತೆನೆ ಇಡತೊಡಗಿದರು. ತಕರಾರು ಅರ್ಧಕ್ಕರ್ಧ ನಿಂತಿತು. ಎರಡು ಒಂದೇ ಥರದ ತೆನೆ ಹುಡುಕಿ ಕೊಡಿ, ಜೋಡಿ ಓಲೆ ಪುಕ್ಕಟೆ ಎಂದು ಮಕ್ಕಳಿಗೆ ಪಂಥ ಕಟ್ಟುತ್ತಿದ್ದರು.

ಅಚ್ಚಿನವರು ಬಂದಾಗ

2025ರ ಮಧ್ಯದಲ್ಲಿ ಸಗಟು ವ್ಯಾಪಾರಿಯೊಬ್ಬರು ಬಂದರು. ಮಾದರಿ ತೆನೆ ಒಂದನ್ನು ಕೊಟ್ಟರೆ ರಬ್ಬರ್ ಅಚ್ಚು ತೆಗೆದು ಎರಕ ಹೊಯ್ಯುತ್ತಾರೆ, 40,000 ರೂಪಾಯಿ ಒಮ್ಮೆಗೇ. ತಂದೆ ತಗೋ ಎಂದರು. ಗಂಡನೂ ತಗೋ ಎಂದರು. ನಾನು ಬೇಡ ಎಂದೆ. ಅಕ್ಕ ಹದಿನೈದು ದಿನ ಸುಮ್ಮನಿದ್ದರು. ಆಮೇಲೆ ಮೂರು ಬೆರಳಿನ ಒಂದು ಸಾದಾ ತೆನೆಯನ್ನು ಮಾತ್ರ ಬರೆದುಕೊಟ್ಟು ಹಣ ಪಡೆದರು, ದೊಡ್ಡ ತೆನೆ ಕೊಡಲಿಲ್ಲ. ಆ ದುಡ್ಡಿಗೆ ತಗಡು ಎಳೆಯುವ ರೋಲರ್ ಬಂತು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಅಕ್ಕಸಾಲಿ ಕಸುಬೂ ಸೇರಿದ್ದರಿಂದ, ಹತಾರಕ್ಕೆ ಸಿಗುವ 15,000 ರೂಪಾಯಿಯಲ್ಲಿ ಬೆಸುಗೆಯ ಸಣ್ಣ ಗ್ಯಾಸ್ ದೀಪ ಮೊದಲೇ ಬಂದಿತ್ತು. ಶೇಕಡ 5ರ ಬಡ್ಡಿಯ ಒಂದು ಲಕ್ಷದ ಸಾಲಕ್ಕೆ ಅಕ್ಕ ಹೋಗಲಿಲ್ಲ. ಕಡಗದ ಪೆಟ್ಟು ಇನ್ನೂ ಹಸಿಯಾಗಿತ್ತು.

ಎರಕದ ತೆನೆ ದೀಪಾವಳಿಗೆ ಅಂಗಡಿಗಳಿಗೆ ಬಂತು, ಅಕ್ಕನದರ ಮೂರನೇ ಒಂದು ಪಾಲಿನ ಬೆಲೆಗೆ. ಎರಕದಲ್ಲಿ ಕಾಳು ಬುಡಕ್ಕೆ ಕರಗಿ ಕೂಡಿಕೊಂಡಿರುತ್ತದೆ, ಕೆಳಗೆ ನೆರಳು ಬೀಳುವುದಿಲ್ಲ. ಗೊತ್ತಿದ್ದವರಿಗೆ ಕಾಣುತ್ತದೆ, ಎಲ್ಲರಿಗೂ ಕಾಣುವುದಿಲ್ಲ. ಆ ಎರಡು ತಿಂಗಳು ಅಕ್ಕನ ವ್ಯಾಪಾರ ಇಳಿಯಿತು, ಆಮೇಲೆ ಏರಿತು. ಎರಕದ್ದನ್ನು ಹಾಕಿಕೊಂಡೇ ಬಂದು ಕೈಕೆಲಸದ್ದು ಕೇಳಿದವರೂ ಇದ್ದಾರೆ. ಕೊಟ್ಟದ್ದು ಸರಿಯೋ ತಪ್ಪೋ ನಾನು ಇನ್ನೂ ತೀರ್ಮಾನಿಸಿಲ್ಲ. ರೋಲರ್ ಇಲ್ಲದಿದ್ದರೆ ಜೋಡಿಗೆ ಹನ್ನೆರಡು ಗಂಟೆ ಹತ್ತಕ್ಕೆ ಇಳಿಯುತ್ತಿರಲಿಲ್ಲ ಎಂಬುದಂತೂ ಲೆಕ್ಕದಲ್ಲಿದೆ.

ಎರಡು ಸಾಲಿನ ರಸೀದಿಯ ನಿಜವಾದ ಪರೀಕ್ಷೆ ನಡೆದದ್ದೂ ಅದೇ ವರ್ಷ. ಜನವರಿಯಲ್ಲಿ ಗ್ರಾಮಿಗೆ 90ರ ಆಸುಪಾಸಿದ್ದ ಬೆಳ್ಳಿ ಅಕ್ಟೋಬರ್ ಹೊತ್ತಿಗೆ 150 ದಾಟಿತು. 60 ಗ್ರಾಮಿನ ಸಾದಾ ಕಡಗ 6,900ರಿಂದ 10,500ಕ್ಕೆ ಹಾರಿತು, ಅರ್ಧಕ್ಕಿಂತ ಹೆಚ್ಚು ಏರಿಕೆ. ಅದನ್ನು ಕೇಳುವವರೇ ಇಲ್ಲವಾದರು. ಹನ್ನೆರಡು ಗಂಟೆಯ ಹಳೆ ಲೆಕ್ಕದಲ್ಲೇ ಹಿಡಿದರೂ ತೆನೆ ಓಲೆ 2,610ರಿಂದ 3,150ಕ್ಕೆ ಬಂತು, ಐದನೇ ಒಂದು ಪಾಲಷ್ಟೇ. ಹಗುರವಾಗಿದ್ದಕ್ಕೆ ಸೋಲುತ್ತಿದ್ದ ಒಡವೆ ಹಗುರವಾಗಿದ್ದಕ್ಕೇ ಉಳಿಯಿತು.

ಈಗ

ತಿಂಗಳಿಗೆ ಹದಿಮೂರು ಹದಿನಾಲ್ಕು ಜೋಡಿ, ನಡುವೆ ಉಂಗುರ, ಪದಕ. ಕಲಿಯಲು ಬಂದ ಹುಡುಗಿ ಐದು ತಿಂಗಳಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋದಳು. ಅಲ್ಲಿ ತಿಂಗಳ ಕೊನೆಗೆ ಸಂಬಳ ಖಚಿತ, ಅವಳನ್ನು ತಪ್ಪೆನ್ನುವಂತಿಲ್ಲ. ಅಕ್ಕನ ಕಣ್ಣಿಗೆ ಈಗ ಭೂತಗನ್ನಡಿ ಬೇಕು. ತಂದೆಗೆ ಮಂಜಾದ ವಯಸ್ಸಿಗೆ ಇನ್ನೂ ಒಂಬತ್ತು ವರ್ಷ ಇದೆ ಎಂದು ಅವರೇ ಲೆಕ್ಕ ಹೇಳುತ್ತಾರೆ. ಬೆಳ್ಳಿ ಪೊಟ್ಟಣಕ್ಕೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ ಎಂದು ಪ್ರತಿ ಗಿರಾಕಿಗೂ ಹೇಳಿ ಕಳಿಸುತ್ತಾರೆ.

ವಾಪಸ್ ಬಂದ ಹದಿನೈದು ಬೀಟೆ ಕಡಗಗಳನ್ನು ಕರಗಿಸಿಲ್ಲ. ಬೆಳ್ಳಿ ದರ ಏರಿದಾಗ ನಾನು ಒತ್ತಾಯಿಸಿದೆ, ಕೇಳಲಿಲ್ಲ. ಶೀಟಿನ ಕೋಣೆಯ ಗೋಡೆಗೆ ಮೊಳೆ ಹೊಡೆದು ಸಾಲಾಗಿ ನೇತುಹಾಕಿದ್ದಾರೆ. ಅಮಾವಾಸ್ಯೆಗೊಮ್ಮೆ ಒಂದೊಂದರ ಸಂದನ್ನೂ ಅಳೆದು, ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. ಮೊನ್ನೆ ನಾನು ಹೋದಾಗ ಏಳನೆಯ ಕಡಗದ ಸಂದು ಅರ್ಧ ಮಿಲಿಮೀಟರ್ ಇತ್ತು. ಜುಲೈ ಸಾಲಿನಲ್ಲಿ ಅದೇ ಕಡಗಕ್ಕೆ ಸೊನ್ನೆ ಬರೆದಿತ್ತು.